ಗಿಲಿಗಿಚ್ಚಿ ಹೊಲದ ಸಾವೆ

ಆ ವರ್ಷ ಆಷಾಢದಲ್ಲಿ ಹಿಡಿದ ಮಳೆ ಶ್ರಾವಣ ಮುಗಿದರೂ ಬಿಡಲಿಲ್ಲ. ಸನವಳ್ಳಿಯಿಂದ ಆಚೆ, ಕಾಡಂಚಿನ ಗುಂಜಿಕೊಪ್ಪದಲ್ಲಿ ಶಿವಗಂಗವ್ವನ ಮನೆಯವರಿಗೆ ಕೆರೆಯ ಕೆಳಗೆ ಭತ್ತದ ಗದ್ದೆ ಇತ್ತು, ಗುಡ್ಡದ ಮಗ್ಗುಲಿಗೆ ಸಾವೆ ಬಿತ್ತುವ ಒಣಹೊಲ ಇತ್ತು. ಮಗ ಚನಬಸಪ್ಪ ಇದ್ದಬದ್ದ ಆಳುಗಳನ್ನೆಲ್ಲ ಗದ್ದೆಗೆ ಇಳಿಸಿದ. ಸಾವೆ ಹೊಲದ ಮೇಲಿನ ಅರ್ಧದಲ್ಲಿ ಶಿವಗಂಗವ್ವ ತಾನೇ ಕೂತು ಕಳೆ ತೆಗೆದಳು. ಜೊತೆಗಿದ್ದವಳು ಲಂಬಾಣಿ ತಾಂಡಾದ ಲಾಲಿಬಾಯಿ ಒಬ್ಬಳೇ. ಕಾಡಿಗೆ ತಾಗಿದ ಕೆಳಗಿನ ಅರ್ಧಕ್ಕೆ ಅವರು ಇಳಿಯುವ ಹೊತ್ತಿಗೆ ಮತ್ತೆ ಜಡಿಮಳೆ ಹತ್ತಿತು. ಇಬ್ಬರೂ ಕಂಬಳಿಯ ಕೊಪ್ಪೆ ಹೊದ್ದುಕೊಂಡು ಮನೆಗೆ ಬಂದರು. ಆ ಅರ್ಧ ಹಾಗೇ ಉಳಿಯಿತು.

ಭಾದ್ರಪದ ಕಳೆದು ಬಿಸಿಲು ಬಿದ್ದಾಗ ನೋಡಿದರೆ ಕೆಳಗಿನ ಹೊಲ ಹಳದಿಯಾಗಿ ನಿಂತಿತ್ತು. ಗಿಲಿಗಿಚ್ಚಿ ಸಾವೆಯನ್ನೂ ಮೀರಿ ಬೆಳೆದು ಹೂವಾಗಿತ್ತು. ಬಟಾಣಿ ಹೂವಿನಂಥ ಹೂವು, ದಳದ ಬೆನ್ನಿಗೆ ಸಣ್ಣ ಕೆಂಪು ಗೀರು. ಆ ಗಿಡಕ್ಕೆ ಊರಿನಲ್ಲಿ ಯಾರೂ ಹೆದರಿದ್ದಿಲ್ಲ. ಬಲಿತ ಕಾಯಿ ಒಣಗಿ ಒಳಗಿನ ಬೀಜ ಗಿಲಗಿಲ ಅನ್ನುತ್ತಿದ್ದುದರಿಂದ ಮಕ್ಕಳು ಅದನ್ನು ಕಾಲಿಗೆ ಕಟ್ಟಿಕೊಂಡು ಕುಣಿಯುತ್ತಿದ್ದರು. ಸೆಣಬಿನ ಜಾತಿಯದು, ಕೊಳೆತರೆ ನೆಲಕ್ಕೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಅದನ್ನು ಕೊಳೆಸಬೇಕಾದರೆ ಹೂವಾಗುವ ಮೊದಲೇ ಕಿತ್ತು ಹಾಕಬೇಕಿತ್ತು. ಈಗ ಕೀಳಹೋದರೆ ಸಾವೆಯೂ ಬೇರು ಸಮೇತ ಬರುತ್ತಿತ್ತು. ‘ಇರ್ಲಿ ಬಿಡು’ ಎಂದು ಶಿವಗಂಗವ್ವ ಸುಮ್ಮನಾದಳು.

ಕೊಯ್ಲಿನಲ್ಲಿ ಎರಡೂ ಅರ್ಧವನ್ನು ಬೇರೆಬೇರೆಯಾಗಿಯೇ ಕೊಯ್ದು ಬೇರೆಬೇರೆಯಾಗಿಯೇ ಬಡಿದರು. ಮೇಲಿನ ಅರ್ಧದ ರಾಶಿ ಹಸನಾಗಿತ್ತು. ಕೆಳಗಿನದರಲ್ಲಿ ಸಾವೆ ಕಾಳಿನ ಜೊತೆ ಗಿಲಿಗಿಚ್ಚಿಯ ಬೀಜ ಬೆರೆತಿತ್ತು. ಕಂದು ಬಣ್ಣದ, ನುಣುಪಾದ, ಒಂದು ಮಗ್ಗುಲಿಗೆ ಬಾಗಿದ ಸಣ್ಣ ಬೀಜ. ಶಿವಗಂಗವ್ವ ಜರಡಿ ಹಿಡಿದು ನೋಡಿದಳು, ಸಾವೆಯ ಜೊತೆಗೇ ಇಳಿಯಿತು. ಗಾಳಿಗೆ ತೂರಿ ನೋಡಿದಳು, ಸಾವೆಯ ಜೊತೆಗೇ ಬಿತ್ತು. ಮೊರದಲ್ಲಿ ಹರವಿಕೊಂಡು ಕೈಯಿಂದ ಆರಿಸಬೇಕು, ಅಷ್ಟು ಪುರುಸೊತ್ತು ಯಾರಿಗಿದೆ.

“ಮ್ಯಾಲಿಂದು ಮನಿಗೆ ಇರ್ಲಿ. ತಳಗಿಂದು ಕೂಲಿಗೆ ಹಾಕೂಣು,” ಎಂದ ಚನಬಸಪ್ಪ.

ಶಿವಗಂಗವ್ವ ಬೇಡ ಎನ್ನಲಿಲ್ಲ. ಹಸನಾದದ್ದು ಮನೆಗೆ, ಉಳಿದದ್ದು ಕೂಲಿಗೆ ಎನ್ನುವುದು ಅವಳು ಲಗ್ನವಾಗಿ ಬಂದಾಗಿನಿಂದ ಕಂಡ ರೀತಿ. ಅತ್ತೆಯೂ ಹಾಗೆಯೇ ಅಳೆದು ಹಾಕುತ್ತಿದ್ದಳು.

ತಾಂಡಾ ಹಳ್ಳದ ಆಚೆ ದಂಡೆಗಿತ್ತು. ಅಲ್ಲಿಯ ಗಂಗಾರಾಮ ಬಹಳ ವರ್ಷಗಳಿಂದ ಈ ಮನೆಗೇ ದುಡಿಯುತ್ತಿದ್ದ. ಲಾಲಿಬಾಯಿ ಅವನ ಹೆಂಡತಿ, ಗೋಪಿಬಾಯಿ ಅವನ ತಾಯಿ. ಮನೆ ತುಂಬ ಓಡಾಡುವ ಒಬ್ಬಳು ಮಗಳಿದ್ದಳು, ಸೀತಿ ಅಂತ. ಉಳಿದ ಆಳುಗಳು ಆ ವರ್ಷ ಕೂಲಿಗೆ ಭತ್ತ ಕೇಳಿ ಒಯ್ದರು. ಗಂಗಾರಾಮ ಏನನ್ನೂ ಕೇಳುವವನಲ್ಲ. ಕೊಟ್ಟ ಸಾವೆಯ ಚೀಲವನ್ನು ಬೆನ್ನಿಗೆ ಏರಿಸಿಕೊಂಡು ಹೋದ.

ಲಾಲಿಬಾಯಿಯನ್ನು ಕಂಡರೆ ಶಿವಗಂಗವ್ವನಿಗೆ ಒಂದು ನಮೂನೆಯ ಅಕ್ಕರೆ. ಗಂಡ ತೀರಿದ ಮೇಲೆ ಮನೆಯ ಯಜಮಾನಿಕೆ ಹೊತ್ತವಳಿಗೆ ಮನೆಯೊಳಗೆ ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇರಲಿಲ್ಲ. ಮಗ ಲೆಕ್ಕದ ಮನುಷ್ಯ, ಸೊಸೆ ಸುಶೀಲವ್ವ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಹೊಲದಲ್ಲಿ ಸಾಲು ಹಿಡಿದು ಕೂತಾಗ ಲಾಲಿಬಾಯಿ ತನ್ನ ಅರ್ಧಮರ್ಧ ಕನ್ನಡದಲ್ಲಿ ತಾಂಡಾದ ಸುದ್ದಿಯನ್ನೆಲ್ಲ ಹೇಳುವಳು, ಹೇಳುತ್ತ ತಾನೇ ನಗುವಳು. ಆ ನಗು ಕೇಳುತ್ತ ಶಿವಗಂಗವ್ವನ ಸೊಂಟದ ನೋವು ಮರೆತುಹೋಗುತ್ತಿತ್ತು.

ದೀಪಾವಳಿಯ ಹಟ್ಟಿಹಬ್ಬ ಕಳೆದು ಚಳಿ ಬಿದ್ದಾಗ ಲಾಲಿಬಾಯಿ ಕೆಲಸಕ್ಕೆ ಬರುವುದು ತಪ್ಪತೊಡಗಿತು. ಕೇಳಿದರೆ ಮಗಳಿಗೆ ಹೊಟ್ಟೆನೋವು ಎಂದ ಗಂಗಾರಾಮ.

“ಬಲಕ್ಕ ಪಕ್ಕೆಲಬಿನ ತಳಗ ಕೈ ಇಟ್ಟರ ಚೀರತೈತ್ರಿ ಅವ್ವಾರ. ಉಂಡದ್ದು ಕಾರಿಕೊಂತೈತಿ.”

“ಖಾರ ಕೊಡಬ್ಯಾಡ್ರಿ. ಸಾವಿ ಗಂಜಿ ಮಾಡಿ ಕುಡಸ್ರಿ, ಹಗುರ ಐತಿ,” ಎಂದಳು ಶಿವಗಂಗವ್ವ. ಒಳಗೆ ಹೋಗಿ ಕೂಲಿಯ ಚೀಲದಿಂದಲೇ ಸೆರಗಿನ ತುಂಬ ಸಾವೆ ತಂದು ಅವನ ಪಂಜೆಯಲ್ಲಿ ಸುರಿದಳು. “ಇದು ಕೂಲಿದಲ್ಲ. ಕೂಸಿಗೆ.”

ಸೀತಿಗೆ ಕಡಿಮೆಯಾಗಲಿಲ್ಲ. ಹೊಟ್ಟೆ ಏರುತ್ತ ಬಂತು, ಕೈಕಾಲು ಕಡ್ಡಿಯಾದವು. ತಾಂಡಾದಲ್ಲಿ ಮರಿಯಮ್ಮನ ಮುಂದೆ ಆಡು ಕಡಿದರು. ಬೇವಿನ ಸೊಪ್ಪು ಬೀಸಿ ಪೂಜಾರಿ ಭಗತ ಏನೋ ಹೇಳಿದ. ಗೋಪಿಬಾಯಿಯ ಕೋಳಿಗಳು ಒಂದೊಂದೇ ಜೋತು ಬಿದ್ದು ಸತ್ತವು. ತಾಂಡಾದ ಮೇಲೆ ದೇವಿಯ ಮುನಿಸಾಗಿದೆ ಎಂದು ಊರಿನವರೂ ಮಾತಾಡಿಕೊಂಡರು. ಶಿವಗಂಗವ್ವ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿಯ ಪುಡಿಯನ್ನು ಕಾಗದದಲ್ಲಿ ಕಟ್ಟಿ ಕಳಿಸಿದಳು. ಜೊತೆಗೆ ಇನ್ನಷ್ಟು ಸಾವೆ ಕಳಿಸಿದಳು. ಲಾಲಿಬಾಯಿ ದುಡಿಮೆಗೆ ಬರಲಾರದ ಮನೆ, ಉಣ್ಣಲು ಏನಿದ್ದೀತು ಎಂದು ಅವಳಿಗೆ ಸಂಕಟ.

ಮಾಘದಲ್ಲಿ ಸೀತಿ ತೀರಿಕೊಂಡಳು. ಮಣ್ಣಿಗೆ ಒಯ್ಯುವಾಗ ಹಳ್ಳದ ಈಚೆಗೆ ನಿಂತಿದ್ದ ಶಿವಗಂಗವ್ವನಿಗೆ ಬಟ್ಟೆಯ ಒಳಗೆ ಎದ್ದು ನಿಂತ ಹೊಟ್ಟೆಯೊಂದೇ ಕಂಡಿತು. ಲಾಲಿಬಾಯಿ ಅಳುತ್ತಿರಲಿಲ್ಲ, ಗುಡಿಸಲ ಕಂಬ ಹಿಡಿದು ನಿಂತಿದ್ದಳು. ಲಂಗದ ಮೇಲೆ ಅವಳ ಹೊಟ್ಟೆಯೂ ಉಬ್ಬಿದ್ದನ್ನು ಶಿವಗಂಗವ್ವ ಆಗ ನೋಡಿದಳು. ಬಸುರಿ ಇರಬೇಕು, ದೇವರು ಒಂದು ಕೈಯಲ್ಲಿ ಕಸಿದು ಇನ್ನೊಂದು ಕೈಯಲ್ಲಿ ಕೊಡುತ್ತಿದ್ದಾನೆ ಎಂದುಕೊಂಡಳು.

ಬಸುರಿಯಾಗಿರಲಿಲ್ಲ. ಶಿವರಾತ್ರಿ ಬರುವ ಹೊತ್ತಿಗೆ ಲಾಲಿಬಾಯಿಯನ್ನು ಗಂಗಾರಾಮ ಚಕ್ಕಡಿಯಲ್ಲಿ ಮಲಗಿಸಿಕೊಂಡು ಮುಂಡಗೋಡದ ದವಾಖಾನೆಗೆ ಒಯ್ದ. ಅದೇ ವಾರದಲ್ಲಿ ಶಿವಗಂಗವ್ವನ ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ ಮೇವು ಬಿಟ್ಟಿತು. ಗೋಡೆಗೆ ತಲೆ ಒತ್ತಿ ನಿಲ್ಲುತ್ತಿತ್ತು, ಬಾಯಲ್ಲಿ ಜೊಲ್ಲು. ಒಂದು ಮುಂಜಾನೆ ಬಿದ್ದದ್ದು ಮತ್ತೆ ಏಳಲಿಲ್ಲ.

“ಇದಕ್ಕ ಏನ್ ಹಾಕಿದ್ದೆಪಾ?” ಎಂದು ಮಗನನ್ನು ಕೇಳಿದಳು.

“ಏನ್ ಹಾಕ್ತೇನಿ, ಹುಲ್ಲು, ಹಿಂಡಿ. ಮತ್ತ ಆ ತಳಗಿನ ಹೊಲದ ಹೊಟ್ಟು ಇತ್ತಲ್ಲ, ಕಾಳ ಸಮೇತ, ಅದನ್ನ ನೆನಸಿ ಹಾಕ್ತಿದ್ದೆ. ಹಾಲ ಜಾಸ್ತಿ ಬರ್ಲಿ ಅಂತ.”

ಶಿವಗಂಗವ್ವನ ಮನಸ್ಸಿನಲ್ಲಿ ಏನೋ ಒಂದು ಎದ್ದು ಕೂತಿತ್ತು, ಆದರೆ ಅದರ ಮುಖ ನೋಡಲು ಅವಳಿಗೆ ಧೈರ್ಯವಿರಲಿಲ್ಲ.

ಮುಖ ತೋರಿಸಿದವನು ಗಂಗಾರಾಮ. ದವಾಖಾನೆಯಿಂದ ಹಿಂದಿರುಗಿದ ಮೇಲೆ ಕಟ್ಟೆಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಹೇಳಿದ.

“ಹೊಟ್ಟ್ಯಾಗಿಂದ ನೀರ ತಗದ್ರ್ಯವ್ವಾ. ಕೊಡ ತುಂಬತು. ಯಕೃತ್ತು ಕಲ್ಲ ಆಗೈತಿ ಅಂತ ಡಾಕ್ಟರ್ ಹೇಳಿದ್ರು. ಸೆರಿ ಕುಡೀತಾಳೇನು ಅಂತ ಕೇಳಿದ್ರು. ಇಲ್ರೀ, ನನ್ನ ಮಗಳಿಗೂ ಹಿಂಗ ಆಗಿತ್ತು, ಅದು ಸಣ್ಣ ಕೂಸು ಅಂದೆ. ಮತ್ತ ಏನ್ ತಿಂತೀರಿ ಅಂದ್ರು.”

“ನೀ ಏನ್ ಹೇಳ್ದಿ?”

“ಮತ್ತೇನ್ ತಿಂತೇವ್ರಿ, ನಮ್ಮ ಅವ್ವಾರು ಕೊಟ್ಟ ಸಾವಿ ಅಂದೆ. ಸಾವಿ ಚಲೋನ ಐತಿ, ಅದನ್ನ ತಿನ್ರಿ ಅಂದ್ರು.”

ಅವನು ಎದ್ದು ಹೋದ ಮೇಲೂ ಶಿವಗಂಗವ್ವ ಕಟ್ಟೆಯ ಮೇಲೆ ಕೂತೇ ಇದ್ದಳು. ಕೂಸು ತಿಂದದ್ದು ಅದು, ತಾಯಿ ತಿಂದದ್ದು ಅದು. ಗುಡಿಸಲ ಮುಂದೆ ಕುಟ್ಟುವಾಗ ಚೆಲ್ಲಿದ್ದನ್ನು ಕೋಳಿ ತಿಂದಿದ್ದವು. ಎಮ್ಮೆಗೆ ಹೊಟ್ಟಿನಲ್ಲಿ ಹೋಗಿತ್ತು. ಹಗಲು ಈ ಮನೆಯಲ್ಲೇ ಉಣ್ಣುವ ಗಂಗಾರಾಮನಿಗೂ ಹಿಡಿಯಷ್ಟೇ ಉಣ್ಣುವ ಮುದುಕಿಗೂ ಅದು ಇನ್ನೂ ತಾಗಿರಲಿಲ್ಲ. ಸೀತಿ ನರಳಿದಷ್ಟೂ ತಾನು ಹೆಚ್ಚು ಹೆಚ್ಚು ಕಳಿಸಿದ್ದಳು. ಎದ್ದು ಕೋಣೆಗೆ ಹೋಗಿ ಕೂಲಿಯ ಚೀಲಕ್ಕೆ ಕೈ ಹಾಕಿದಳು. ಬೊಗಸೆಯಲ್ಲಿ ಸಾವೆಯ ನಡುವೆ ಆ ಕಂದು ಬೀಜ ಸುಗ್ಗಿಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಕಂಡವು. ಬೊಗಸೆಯದನ್ನೆಲ್ಲ ನೆಲಕ್ಕೆ ಸುರಿದಳು. ಅಲ್ಲೇ ಕೂತು ಒಂದೊಂದೇ ಬೀಜವನ್ನು ಉಗುರಿನಿಂದ ಹೆಕ್ಕತೊಡಗಿದಳು. ಸೊಸೆ ಬಂದು ನೋಡಿ ಗಂಡನನ್ನು ಕರೆದಳು.

ಚನಬಸಪ್ಪ ತಾಯಿಯ ಮಾತನ್ನು ಪೂರ್ತಿ ಕೇಳಿದ. ಅವನ ಮುಖ ಬಿಳಿಚಿತು.

“ಗಿಲಿಗಿಚ್ಚಿ ತಿಂದು ಯಾರರ ಸತ್ತದ್ದು ಕೇಳಿಯೇನು? ಹುಡುಗರು ಬಾಯಾಗ ಹಾಕ್ಕೊಂಡು ಆಡ್ತಾವು.”

“ಆಡೂದು ಬ್ಯಾರೆ, ದಿನಾ ಉಣ್ಣೂದು ಬ್ಯಾರೆ. ಎಮ್ಮಿ ನಿನ್ನ ಕಣ್ಣ ಮುಂದ ಸತ್ತಿಲ್ಲೇನು?”

“ಯವ್ವಾ, ಇದನ್ನ ಬಾಯಿಂದ ಹೊರಗ ಹಾಕಬ್ಯಾಡ. ಆ ತಾಂಡಾದ ಮಂದಿ ನಮ್ಮನ್ನ ಸುಮ್ಮನ ಬಿಡ್ತಾರೇನು? ಪೋಲೀಸರು ಬರ್ತಾರು. ನಾವೇನು ಬೇಕಂತ ಮಾಡೇವೇನು?”

“ಬೇಕಂತ ಮಾಡಿಲ್ಲ. ಆದ್ರ ಅವರ ಮನ್ಯಾಗ ಇನ್ನಾ ಆ ಕಾಳು ಐತಿ. ಲಾಲಿ ಇವತ್ತೂ ಅದನ್ನ ಕುಡೀತಾಳ.”

ಮಗ ತಡೆದು ನಿಂತಿದ್ದ. ಶಿವಗಂಗವ್ವ ಅವನ ತೋಳು ಸರಿಸಿ ಒಳಗೆ ಹೋದಳು. ಮನೆಯ ಅಕ್ಕಿಯನ್ನು ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟುಕೊಂಡು ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಳ್ಳ ದಾಟಿದಳು. ಅಷ್ಟು ವರ್ಷಗಳಲ್ಲಿ ಅವಳು ತಾಂಡಾದೊಳಗೆ ಕಾಲಿಟ್ಟದ್ದು ಅದೇ ಮೊದಲು. ನಾಯಿಗಳು ಬೊಗಳಿದವು. ಹೆಂಗಸರು ಕಸೂತಿ ಕೈಬಿಟ್ಟು ಎದ್ದು ನಿಂತರು.

ಗುಡಿಸಲಿನಲ್ಲಿ ಲಾಲಿಬಾಯಿ ಗೋಡೆಗೆ ಒರಗಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ತಗ್ಗಿದ್ದ ಹೊಟ್ಟೆ ಮತ್ತೆ ಏರಿತ್ತು. ಶಿವಗಂಗವ್ವನನ್ನು ಕಂಡು ಸೆರಗು ತಲೆಗೆ ಎಳೆದುಕೊಳ್ಳಲು ನೋಡಿದಳು, ಕೈ ಎತ್ತಲಾಗಲಿಲ್ಲ.

“ಗೋಪಿಬಾಯಿ, ಈ ಅಕ್ಕಿ ಇಟ್ಕೋ. ನಾ ಕೊಟ್ಟ ಸಾವಿ ಎಷ್ಟು ಐತಿ, ಎಲ್ಲಾ ನನಗ ತಿರುಗಿ ಕೊಡು.”

ಗೋಪಿಬಾಯಿ ಮುದುಕಿ. ಜೀವನದಲ್ಲಿ ಕಂಡದ್ದು ಸಾಕಷ್ಟಿತ್ತು. “ಯಾಕ್ರೀ? ಸೊಸಿ ಕೆಲಸಕ್ಕ ಬರಲಿಲ್ಲ ಅಂತ ಕೊಟ್ಟ ಕಾಳ ತಿರುಗಿ ಒಯ್ತೀರೇನು?”

“ಹಂಗಲ್ಲ. ಬದಲಿಗೆ ಅಕ್ಕಿ ತಂದೇನಿ ನೋಡು.”

“ಅಕ್ಕಿ ಇರ್ಲಿ. ಸಾವಿ ಯಾಕ ಬೇಕು, ಅದನ್ನ ಹೇಳ್ರಿ.”

ಮುದುಕಿ ಗಡಿಗೆಯ ಮುಂದೆ ಅಡ್ಡ ಕೂತಳು. ಗುಡಿಸಲ ಬಾಗಿಲಲ್ಲಿ ಗಂಗಾರಾಮ ಬಂದು ನಿಂತ, ಅವನ ಹಿಂದೆ ತಾಂಡಾದ ನಾಯಕ. ಇನ್ನು ಮುಚ್ಚುವಂತಿರಲಿಲ್ಲ. ಶಿವಗಂಗವ್ವ ಸೆರಗಿನ ಗಂಟು ಬಿಚ್ಚಿ, ಹೆಕ್ಕಿ ತಂದಿದ್ದ ಬೀಜಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. ಹೇಳಬೇಕಾದ್ದನ್ನು ಹೇಳಿದಳು. ಕೆಳಗಿನ ಹೊಲದ ಕಳೆ, ಬೆರೆತ ಬೀಜ, ಸತ್ತ ಎಮ್ಮೆ. ಕಡೆಗೆ ಸೀತಿಯ ಹೆಸರು ಹೇಳಿದಳು.

ಬೈಯುತ್ತಾರೆ, ಹೊಡೆಯಲೂ ಬಹುದು ಎಂದು ಅವಳು ಎಣಿಸಿದ್ದಳು. ನಾಯಕ ಬೀಜವನ್ನು ಬೆರಳಲ್ಲಿ ತಿರುಗಿಸಿ ನೋಡಿ ಮತ್ತೆ ಅವಳ ಅಂಗೈಯಲ್ಲೇ ಇಟ್ಟ. ಗಂಗಾರಾಮ ಕೇಳಿದ, ಎಂದಿನ ಮೆತ್ತನೆಯ ದನಿಯಲ್ಲೇ.

“ನಿಮ್ಮ ಮನ್ಯಾಗ ಈ ಸಾವಿ ಯಾರೂ ಉಣ್ಣಲಿಲ್ಲೇನ್ರಿ ಅವ್ವಾರ?”

“ಇಲ್ಲ.”

“ಯಾಕ್ರಿ?”

ಶಿವಗಂಗವ್ವನಿಗೆ ಉತ್ತರ ಗೊತ್ತಿತ್ತು. ಗುಡಿಸಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. “ಹಸನ ಇರಲಿಲ್ಲ ಅಂತ,” ಎಂದಳು.

ಲಾಲಿಬಾಯಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಗೋಪಿಬಾಯಿ ಎದ್ದು, ಗಡಿಗೆಯಲ್ಲಿದ್ದ ಸಾವೆಯನ್ನು ಅಂಗಳಕ್ಕೆ ಒಯ್ದು ಒಲೆಯ ಬೂದಿಯ ಮೇಲೆ ಸುರಿದು ನೀರು ಹೊಯ್ದಳು. ಹಿಂದಿರುಗಿ ಬಂದವಳು ಬುಟ್ಟಿಯ ಅಕ್ಕಿಯನ್ನು ಖಾಲಿ ಗಡಿಗೆಗೆ ತುಂಬಿಕೊಂಡಳು. ಬುಟ್ಟಿಯನ್ನು ಶಿವಗಂಗವ್ವನ ಕೈಗೆ ಕೊಡದೆ ಅವಳ ಕಾಲ ಹತ್ತಿರ ನೆಲದ ಮೇಲೆ ಇಟ್ಟಳು.

ಮನೆಗೆ ಬಂದಾಗ ಕೋಣೆಯ ಮೂಲೆ ಬರಿದಾಗಿತ್ತು. ಕೂಲಿಯ ಸಾವೆಯ ಚೀಲಗಳು ಇರಲಿಲ್ಲ.

“ಎಲ್ಲಿ ಹೋದುವು?” ಎಂದು ಸೊಸೆಯನ್ನು ಕೇಳಿದಳು.

ಸುಶೀಲವ್ವ ಗಂಡನ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, “ಹಳಿಯಾಳದ ವ್ಯಾಪಾರಿ ಲಾರಿ ಬಂದಿತ್ತು ಅತ್ತೀ, ಭತ್ತ ತುಂಬಾಕ. ಅದರ ಜೋಡಿ ಕಳಿಸಿದ್ರು,” ಎಂದಳು.

“ಮನ್ಯಾಗ ಇಟ್ಕೊಂಡು ಕೂಡಂತಿಯೇನು?” ಚನಬಸಪ್ಪ ಕೂಗಿದ. “ನೀ ಹೋಗಿ ಎಲ್ಲಾ ಹೇಳಿ ಬಂದಿ. ನಾಳೆ ಯಾರರ ಬಂದು ಕ್ವಾಣಿ ತಗೀರಿ ಅಂದ್ರ? ಪ್ಯಾಟ್ಯಾಗ ಹತ್ತು ಹೊಲದ ಕಾಳ ಕೂಡತಾವು. ಅಷ್ಟರಾಗ ಇದೇನು ಕಾಣತೈತಿ.”

ಶಿವಗಂಗವ್ವ ಮಗನ ಮುಖ ನೋಡಿದಳು. ಅವನು ಕೆಟ್ಟವನಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆದರಿದ್ದ, ಅಷ್ಟೇ.

ಮರುದಿನ ಮುಂಡಗೋಡಕ್ಕೆ ನಡೆದು ಹೋಗಿ ಬಸ್ಸು ಹತ್ತಿದಳು. ಯಲ್ಲಾಪುರದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಹಳಿಯಾಳ ಮುಟ್ಟುವಾಗ ಸಂಜೆಯಾಗಿತ್ತು. ವ್ಯಾಪಾರಿ ಅಂಗಡಿ ಮುಚ್ಚುತ್ತಿದ್ದ. ಮೇಲಿನ ಸೀಮೆಯಲ್ಲಿ ಕಾಳಿನ ಕೊರತೆ ಇತ್ತಂತೆ, ಸಾವೆಯ ಚೀಲಗಳು ಇಳಿಯಲೇ ಇಲ್ಲವಂತೆ. ಬೆಳಿಗ್ಗೆ ಅದೇ ಲಾರಿ ದಾಂಡೇಲಿಯ ಮೇಲಿಂದ ಸೂಪಾಕ್ಕೆ ಹೋಗಿ, ಅಲ್ಲಿಂದ ಚೀಲಗಳು ಚಕ್ಕಡಿಯಲ್ಲಿ ಕುಂಬಾರವಾಡದ ಅಂಗಡಿಗೆ ಹೋಗಿವೆ ಎಂದ. ಯಾಕೆ ಎಂದು ಕೇಳಿದ. ಹೇಳಿದಾಗ ನಂಬಲಿಲ್ಲ. “ಮನೀಗೆ ಹೋಗ್ರಿ ಯವ್ವಾ, ವಯಸ್ಸಾದವ್ರು” ಎಂದ.

ಮಠದ ಜಗಲಿಯಲ್ಲಿ ರಾತ್ರಿ ಕಳೆದು ಅವಳು ಮುಂದೆ ಹೋದಳು. ದಾಂಡೇಲಿಯಲ್ಲಿ ಹೊಸ ಕಾಗದದ ಕಾರ್ಖಾನೆಗೆ ಬಿದಿರು ಹೊತ್ತ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಸೂಪಾದಲ್ಲಿ ಇಳಿದವಳಿಗೆ ಕುಂಬಾರವಾಡದ ಬಸ್ಸು ಇವತ್ತು ಇಲ್ಲ, ನಾಳೆ ಬಂದರೆ ಬಂತು ಎಂದರು. ಬಿದಿರಿನ ಖಾಲಿ ಲಾರಿಯೊಂದರ ಡ್ರೈವರ, ಮುಸಲ್ಮಾನ ಮುದುಕ, ಅವಳ ಮುಖ ನೋಡಿ ಹತ್ತಿಸಿಕೊಂಡ.

ಕುಂಬಾರವಾಡದ ಅಂಗಡಿಯವನು ಕೊಂಕಣಿಯವ. ಅಂಗಡಿಯ ಮೂಲೆಯಲ್ಲಿ ಒಂದೇ ಚೀಲ ಉಳಿದಿತ್ತು, ಅದೂ ಬಾಯಿ ಬಿಚ್ಚಿದ್ದು. ಶಿವಗಂಗವ್ವ ಕೈ ಹಾಕಿ ನೋಡಿ ಗುರುತು ಹಿಡಿದಳು.

“ಇದನ್ನ ಮಾರಬ್ಯಾಡ್ರಿ. ಇದರಾಗ ವಿಷ ಐತಿ.”

ಅವನು ನಕ್ಕ. “ಬಾಯೀ, ನಿನ್ನೆಯಿಂದ ಒಯ್ಯುತ್ತಾ ಇದ್ದಾರೆ. ಯಾರೂ ಸಾಯಲಿಲ್ಲ.”

“ಒಮ್ಮಿಗೇ ಸಾಯೂದಿಲ್ರಿ. ಮೊದಲ ಹೊಟ್ಟಿ ಏರತೈತಿ.”

ಅವಳ ದನಿಯಲ್ಲಿ ಏನು ಕೇಳಿತೋ, ಅವನ ನಗು ನಿಂತಿತು. ಶಿವಗಂಗವ್ವ ಕಿವಿಯ ಬುಗುಡಿ ಬಿಚ್ಚಿ ಅವನ ತಕ್ಕಡಿಯ ಮೇಲೆ ಇಟ್ಟಳು. ಅವನು ಬೇಡ ಎಂದ, ಮತ್ತೆ ತೆಗೆದುಕೊಂಡ. ಇಬ್ಬರೂ ಸೇರಿ ಚೀಲವನ್ನು ಹಿತ್ತಿಲಿಗೆ ಎಳೆದು ಕಾಳನ್ನು ಗೊಬ್ಬರದ ಗುಂಡಿಗೆ ಸುರಿದು ಮೇಲೆ ಸಗಣಿ ಎಳೆದರು.

“ಉಳಿದದ್ದು ಯಾರ ಒಯ್ದಾರು?”

“ಬಿದಿರು ಕಡಿಯುವವರು. ಘಟ್ಟದ ಕೆಳಗಿಂದ, ಬಯಲುಸೀಮೆಯಿಂದ, ಎಲ್ಲೆಲ್ಲಿಂದಲೋ ಬಂದವರು. ಹೆಂಡತಿ ಮಕ್ಕಳು ಇದ್ದಾರೆ. ಕಾಡಿನಲ್ಲಿ ಒಂದು ಕಡೆ ಕಡಿದು ಮುಗಿದರೆ ಗುಡಿಸಲು ಕಿತ್ತು ಇನ್ನೊಂದು ಕಡೆ ಹೋಗುತ್ತಾರೆ.”

“ಯಾವ ಕಡೆ?”

ಅವನು ಕೈ ಎತ್ತಿ ತೋರಿಸಿದ. ಅಂಗಡಿಯ ಎದುರಿಗೆ ಗುಡ್ಡದ ಮೇಲೆ ಗುಡ್ಡ, ಎಲ್ಲ ಕಾಡು. ಎಲ್ಲೋ ಒಂದು ಕಡೆ ಹೊಗೆ ಏಳುತ್ತಿತ್ತು. ಅವಳು ಹೊಗೆಯ ಕಡೆ ನಡೆದಳು. ಆ ಗುಡಿಸಲುಗಳವರು ಅವಳು ಹೇಳಿದ್ದನ್ನು ಕೇಳಿದರು. ಒಬ್ಬ ಹೆಂಗಸು ಮಾತ್ರ ತನ್ನ ಮಡಕೆ ತಂದು ತೋರಿಸಿದಳು, ಅದರಲ್ಲಿದ್ದದ್ದು ರಾಗಿ. ಮಿಕ್ಕವರು ತಮ್ಮ ಕಾಳನ್ನು ಅಪರಿಚಿತಳಿಗೆ ತೋರಿಸಲು ಒಪ್ಪಲಿಲ್ಲ. ಬೇರೆ ಗುಂಪಿನವರು ಹೋಗಿಯಾಗಿತ್ತು. ಅವಳು ಮಾರನೆಯ ದಿನವೂ ಸುತ್ತಿದಳು. ಕಾಲು ಊದಿಕೊಂಡಾಗ ಅಂಗಡಿಯವನೇ ಬಸ್ಸಿಗೆ ಹತ್ತಿಸಿ ಕಳಿಸಿದ.

ಗುಂಜಿಕೊಪ್ಪ ಮುಟ್ಟಿದಾಗ ಲಾಲಿಬಾಯಿಯ ಮಣ್ಣಾಗಿತ್ತು. ಹಳ್ಳದ ದಂಡೆಯಲ್ಲಿ ಹಸಿ ಮಣ್ಣಿನ ಗುಪ್ಪೆಯ ಮೇಲೆ ಮುಳ್ಳು ಹೇರಿದ್ದರು. ಪಕ್ಕದಲ್ಲಿದ್ದ ಸಣ್ಣ ಗುಪ್ಪೆಯ ಮಣ್ಣು ಆಗಲೇ ಒಣಗಿ ಬಿರಿದಿತ್ತು.

ತಾಂಡಾದವರು ಪೋಲೀಸರ ಹತ್ತಿರ ಹೋಗಲಿಲ್ಲ. ಊರಿನವರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗಂಗಾರಾಮ ಯುಗಾದಿಯ ಮುಂಚೆ ದಾಂಡೇಲಿಗೆ ಕೂಲಿ ಹುಡುಕಿಕೊಂಡು ಹೋದ, ಹೇಳಿ ಹೋಗಲಿಲ್ಲ. ಮನೆಯಲ್ಲಿ ಚನಬಸಪ್ಪ ಆ ವಿಷಯ ಎತ್ತಲಿಲ್ಲ. ತಾಯಿಯ ಬರಿಗಿವಿ ನೋಡಿಯೂ ಬುಗುಡಿ ಎಲ್ಲಿ ಎಂದು ಕೇಳಲಿಲ್ಲ. ಕೆಳಗಿನ ಹೊಲವನ್ನು ಬೀಳು ಬಿಡೋಣ ಎಂದ. ಶಿವಗಂಗವ್ವ ಒಪ್ಪಲಿಲ್ಲ. ಬೀಳು ಬಿಟ್ಟರೆ ಬಿದ್ದ ಬೀಜವೆಲ್ಲ ಎದ್ದು ಮೇಲಿನ ಹೊಲಕ್ಕೂ ಹತ್ತುತ್ತದೆ ಎಂದಳು.

ಮಳೆ ಬಿದ್ದ ಮೇಲೆ ಅವಳು ದಿನಾ ಬೆಳಿಗ್ಗೆ ಕಳೆ ತೆಗೆಯುವ ಕುರ್ಪಿ ಹಿಡಿದು ಕೆಳಗಿನ ಹೊಲಕ್ಕೆ ಹೋಗುತ್ತಿದ್ದಳು. ಗಿಲಿಗಿಚ್ಚಿಯ ಮೊಳಕೆ ಎಲ್ಲ ಕಡೆ ಎದ್ದಿತ್ತು. ಕೂತಲ್ಲೇ ಸರಿಯುತ್ತ ಒಂದೊಂದೇ ಕಿತ್ತು ಬುಟ್ಟಿಗೆ ಹಾಕುವಳು. ಸಾಲಿನ ತುದಿ ಮುಟ್ಟುವಷ್ಟರಲ್ಲಿ ಹಿಂದೆ ಮತ್ತೆ ಚಿಗುರಿದಂತೆ ಕಾಣುತ್ತಿತ್ತು. ಆಳು ಕರೆಯಲು ಮಗನಿಗೆ ಹೇಳಿದ್ದಳು. ತಾಂಡಾದಿಂದ ಯಾರೂ ಬರುವುದಿಲ್ಲ ಎಂದಿದ್ದ.

ಒಂದು ದಿನ ಮಳೆ ಹೊಳವಾದಾಗ ಬದುವಿನ ಮೇಲೆ ಯಾರೋ ನಿಂತಂತಾಯಿತು. ಗೋಪಿಬಾಯಿ. ಕೈಯಲ್ಲಿ ಕುರ್ಪಿ ಇತ್ತು. ಮೈ ಇಳಿದು ಹೋಗಿತ್ತು, ತೋಳಿನ ಬಳೆಗಳೆಲ್ಲ ಮೊಣಕೈಗೆ ಜಾರಿದ್ದವು. ಶಿವಗಂಗವ್ವ ಎದ್ದು ನಿಲ್ಲಲು ಹೋದಳು. ಮುದುಕಿ ಅವಳ ಕಡೆ ನೋಡದೆ ಪಕ್ಕದ ಸಾಲು ಬಿಟ್ಟು ಅದರಾಚೆಯ ಸಾಲಿನಲ್ಲಿ ಕೂತು ಕೀಳತೊಡಗಿದಳು.

ಮಧ್ಯಾಹ್ನದವರೆಗೆ ಇಬ್ಬರೂ ಕಳೆ ಕಿತ್ತರು. ಶಿವಗಂಗವ್ವ ಬುತ್ತಿ ಬಿಚ್ಚಿ ರೊಟ್ಟಿಯನ್ನು ಅರ್ಧ ಮುರಿದು ಚಾಚಿದಳು. ಗೋಪಿಬಾಯಿ ಕೈ ಒಡ್ಡಲಿಲ್ಲ.

“ಗಂಗಾರಾಮ ಹೆಂಗದಾನು?”

“ಅದಾನ್ರಿ.”

“ಗೋಪಿಬಾಯಿ, ನಾ ನಿನಗ ಏನ್ ಹೇಳ್ಲಿ...”

“ಏನೂ ಹೇಳಬ್ಯಾಡ್ರಿ.” ಮುದುಕಿ ಕುರ್ಪಿಯ ಮಣ್ಣನ್ನು ಕಲ್ಲಿಗೆ ತಿಕ್ಕಿ ಕೆಡವಿದಳು. “ಹೊಟ್ಟಿ ಐತಿ, ಅದಕ್ಕ ಬಂದೇನಿ. ಕೂಲಿ ಕಾಳಿನಾಗ ಬ್ಯಾಡ. ರೊಕ್ಕಾನ ಕೊಡ್ರಿ.”

“ಆತು,” ಎಂದಳು ಶಿವಗಂಗವ್ವ.

ಗೋಪಿಬಾಯಿ ಮತ್ತೆ ಸಾಲಿಗೆ ತಿರುಗಿದಳು. ಮಳೆ ಸಣ್ಣಗೆ ಹನಿಯತೊಡಗಿತು. ಶಿವಗಂಗವ್ವ ರೊಟ್ಟಿಯನ್ನು ಬುತ್ತಿಯ ಬಟ್ಟೆಯಲ್ಲಿ ಸುತ್ತಿ ಬದುವಿಗೆ ಇಟ್ಟು, ತನ್ನ ಸಾಲನ್ನು ಬಿಟ್ಟಲ್ಲಿಂದ ಹಿಡಿದಳು.